ಸಂಜೆ ಬಿಟ್ಟುಹೋಗುತ್ತಿದ್ದ ಒಂದು ಸಾಲು

"ನನ್ನ ಚಿತ್ರ ಅಳಿಸಿದ್ದು ಯಾರ್ರೀ?"

ಅವನ ಜೊತೆ ನಾನು ಆಡಿದ ಮೊದಲ ಮಾತು ಇದು. ಆಡಿದ್ದಲ್ಲ, ಕಿರುಚಿದ್ದು. ಆಫೀಸಿನಲ್ಲಿ ಎಲ್ಲರೂ ಕೈ ನಿಲ್ಲಿಸಿ ನನ್ನತ್ತ ತಿರುಗಿದರು.

ಆಗ ನಾವು ಒಂದು ಆಸ್ಪತ್ರೆಗೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಕೋಡ್ ಬರೆಯುವ ಮೊದಲು ಇಡೀ ಆಸ್ಪತ್ರೆಯನ್ನು ಕಂಪ್ಯೂಟರಿನಲ್ಲಿ ಡಬ್ಬಿಗಳಾಗಿ ಬರೆದು ತೋರಿಸುವುದು ನನ್ನ ಕೆಲಸ. ರೋಗಿಗೊಂದು ಡಬ್ಬಿ, ಡಾಕ್ಟರಿಗೊಂದು, ಔಷಧಿಗೊಂದು. ಪ್ರತಿ ಡಬ್ಬಿಯೊಳಗೆ ಅದರ ವಿವರಗಳ ಸಾಲು. ರಕ್ತದ ಗುಂಪಿನಿಂದ ಹಿಡಿದು ನೋಡಲು ಬಂದವರ ತನಕ ನಾನು ಏನನ್ನೂ ಬಿಟ್ಟಿರಲಿಲ್ಲ. ಯಂತ್ರಕ್ಕಷ್ಟೇ ಬೇಕಾದ ಕೆಲವು ಸಾಲುಗಳನ್ನು ಮಾತ್ರ ನಾನೂ ಮುಚ್ಚಿಡುತ್ತಿದ್ದೆ. ಆಫೀಸಿನಲ್ಲಿ ನನಗೆ 'ಪುರಾಣ' ಎಂದೇ ಹೆಸರು. ಆ ಬೆಳಿಗ್ಗೆ ತೆರೆದು ನೋಡಿದರೆ ಡಬ್ಬಿಗಳೆಲ್ಲ ಖಾಲಿ, ಮೇಲೆ ಬರೀ ಹೆಸರು.

ಎದುರಿನ ಮೇಜಿನಿಂದ ಅವನು ಎದ್ದು ಬಂದ. ಹೊಸದಾಗಿ ಸೇರಿದ್ದ, ಮಾತು ಕಡಿಮೆಯೆಂದು ಆಗಲೇ 'ಚುಟುಕು' ಎಂಬ ಹೆಸರು ಬಿದ್ದಿತ್ತು. ಮೌಸ್ ಹಿಡಿದು ಎಲ್ಲೋ ಒತ್ತಿದ. ನನ್ನ ಸಾಲುಗಳೆಲ್ಲ ಮರಳಿ ಬಂದು ತಂತಮ್ಮ ಡಬ್ಬಿಯೊಳಗೆ ಕೂತವು.

"ಅಳಿಸಿಲ್ಲ, ಮುಚ್ಚಿಟ್ಟಿದ್ದೆ. ಬಾಸ್‌ಗೆ ತೋರಿಸ್ಬೇಕಿತ್ತು. ಇಷ್ಟೆಲ್ಲ ನೋಡಿದ್ರೆ ಅವರಿಗೆ ತಲೆ ತಿರುಗುತ್ತೆ."

"ಹೇಳಿ ಮುಚ್ಚಬಹುದಿತ್ತಲ್ಲ?"

"ನಿನ್ನೆ ಹೇಳೋಕೆ ಬಂದಿದ್ದೆ. ನೀವು ಮಾತಾಡ್ತಾ ಇದ್ರಿ." ಸ್ವಲ್ಪ ಯೋಚಿಸಿ, "ಮಧ್ಯಾಹ್ನದಿಂದ," ಎಂದ.

ಸುತ್ತಲಿದ್ದವರು ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಹಾಗೆ ಹೇಳಿದವನ ಕಿವಿ ಕೆಂಪಾಗಿದ್ದು ಕಣ್ಣಿಗೆ ಬಿತ್ತು, ಸಿಟ್ಟು ಅರ್ಧಕ್ಕೇ ಇಳಿಯಿತು.

ಅಂದಿನಿಂದ ಅದೇ ರೂಢಿಯಾಯಿತು. ಬೆಳಿಗ್ಗೆ ಕೆಲಸಕ್ಕೆಂದು ನಾನು ಎಲ್ಲ ತೆರೆಯುವುದು, ಸಂಜೆ ಬಾಸ್‌ಗೆಂದು ಅವನು ಮುಚ್ಚುವುದು. ಒಂದು ದಿನ ನನಗೆ ವಿಪರೀತ ನೆಗಡಿ. ಮರುದಿನ ನೋಡಿದರೆ ಇಡೀ ಚಿತ್ರದಲ್ಲಿ ಔಷಧಿಯ ಡಬ್ಬಿಯ ಒಂದೇ ಒಂದು ಸಾಲು ಮುಚ್ಚದೆ ಉಳಿದಿತ್ತು: 'ದಿನಕ್ಕೆ ಎಷ್ಟು ಸಲ'. ಕೀಬೋರ್ಡಿನ ಪಕ್ಕ ಮಾತ್ರೆ. ತಲೆಯೆತ್ತಿದರೆ ಅವನು ಮಾನಿಟರಿನ ಹಿಂದೆ ಮುಖ ಅಡಗಿಸಿ ಕೂತಿದ್ದ. ಕಿವಿಗಳು ಮಾತ್ರ ಕಾಣುತ್ತಿದ್ದವು.

ಆಮೇಲೆ ಪ್ರತಿ ಸಂಜೆ ಒಂದು ಸಾಲು ಬಿಟ್ಟುಹೋಗತೊಡಗಿದ. ನಾನು ರಜೆ ಹಾಕಿದರೆ 'ಮತ್ತೆ ಬರುವ ದಿನ'. ಹೊಸ ಕನ್ನಡಕ ಹಾಕಿಕೊಂಡು ಹೋದ ಮರುದಿನ 'ಕಣ್ಣು', ಅಷ್ಟೇ. ಆವತ್ತು ನಾನು ಕನ್ನಡಿ ನೋಡಿಕೊಂಡದ್ದೇ ನೋಡಿಕೊಂಡದ್ದು.

ಬಾಯಿಬಿಟ್ಟು ಮಾತ್ರ ಅವನು ಏನೂ ಹೇಳಲಿಲ್ಲ. ಊರ ವಿಷಯವೆಲ್ಲ ಹರಟುವ ನನಗೂ ಅದೊಂದು ಮಾತು ಬಾಯಿಗೆ ಬರುತ್ತಿರಲಿಲ್ಲ.

ಒಂದು ಸಂಜೆ ಬಾಸ್ ಕರೆದು, ದೂರದ ಊರಿನ ಶಾಖೆಗೆ ಹೋಗುತ್ತೀರಾ ಎಂದು ಕೇಳಿದರು. ಬೆಳಿಗ್ಗೆ ಹೇಳುತ್ತೇನೆ ಎಂದೆ. ಅವನಿಗೂ ತಿಳಿಸಿದೆ. "ಓ," ಎಂದ. ಇವನು ಇವತ್ತು ಬಿಡುವ ಸಾಲೇ ನನ್ನ ಉತ್ತರ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಇರು ಎನ್ನುವಂಥದ್ದು ಒಂದು ಸಿಕ್ಕರೂ ಸಾಕಿತ್ತು, ಹೋಗುತ್ತಿರಲಿಲ್ಲ.

ಬೆಳಿಗ್ಗೆ ಓಡಿಬಂದು ಚಿತ್ರ ತೆರೆದೆ. ಎಲ್ಲ ಡಬ್ಬಿಗಳೂ ಪೂರ್ತಿ ತೆರೆದೇ ಇದ್ದವು, ನಾನು ಕೆಲಸ ಮಾಡುವಾಗ ಇರುವ ಹಾಗೆ. ಅವನು ಮುಟ್ಟಿಯೇ ಇರಲಿಲ್ಲ. ಕುರ್ಚಿಯೂ ಖಾಲಿ, ಕೆಲಸದ ಮೇಲೆ ಆಸ್ಪತ್ರೆಗೆ ಹೋಗಿದ್ದಾನೆ, ಸಂಜೆ ಬರುತ್ತಾನೆ ಎಂದರು. ನಾನು ಹೋದರೂ ಇವನಿಗೆ ಒಂದೇ, ಇದ್ದರೂ ಒಂದೇ ಅಂದುಕೊಂಡೆ. ಕಣ್ಣೊರೆಸಿಕೊಂಡು ಬಾಸ್ ಹತ್ತಿರ ಹೋಗಿ ಹೂಂ ಅಂದುಬಿಟ್ಟೆ.

ಅದಾಗಿ ಎಷ್ಟೋ ವರ್ಷಗಳಾದವು. ಮದುವೆಯ ಮಾತು ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ಅಕ್ಕನಿಗೆ ಸಾಕುಸಾಕು ಮಾಡಿದೆ. ಈಚೆಗೆ ನಾನು ಈ ಊರಿಗೇ ಮರಳಿದ್ದೆ. ಮೊನ್ನೆ ಬಾಸ್ ನಿವೃತ್ತರಾದರು. ಹಳಬರನ್ನೆಲ್ಲ ಸಂಜೆ ಚಹಾಕ್ಕೆ ಕರೆದಿದ್ದರು. ಅದೇ ಹಳೇ ಆಫೀಸಿನ ಕಿಟಕಿಯ ಪಕ್ಕ ಅವನು ನಿಂತಿದ್ದ. ಕೂದಲು ನರೆತಿತ್ತು. ನನ್ನನ್ನು ಕಂಡದ್ದೇ ಕಿವಿ ಮಾತ್ರ ಹಿಂದಿನಂತೆಯೇ ಕೆಂಪಾಯಿತು.

"ಹೇಗಿದ್ದೀರಿ?" ಎಂದೆ.

"ಹೀಗೇ."

"ಮನೇಲಿ?"

"ಅಮ್ಮ, ನಾನು. ನೀವು?"

"ಅಕ್ಕನ ಜೊತೆ." ಬಿಸ್ಕೆಟ್ ಮುರಿದು ತಿನ್ನದೆ ತಟ್ಟೆಯಲ್ಲಿಟ್ಟೆ. "ಒಂದು ಕೇಳ್ಲಾ? ಆ ಕೊನೇ ಸಲ ಯಾಕೆ ನೀವು ಚಿತ್ರ ಮುಟ್ಟಲೇ ಇಲ್ಲ?"

ಅವನು ಕಪ್ ಕೆಳಗಿಟ್ಟ. "ಮುಟ್ಟಿದ್ದೆ. ಯಂತ್ರಕ್ಕೆ ಅಂತ ನೀವೇ ಮುಚ್ಚಿಡ್ತಿದ್ರಲ್ಲ, ಆ ಸಾಲುಗಳು? ಅವನ್ನೂ ಹುಡುಕಿ ಹುಡುಕಿ ತೆರೆದಿದ್ದೆ. ನನ್ನ ಮಾತು ಒಂದರಲ್ಲಿ ಮುಗಿಯೋದಲ್ಲ ಅನ್ನಿಸ್ತು. ಎಲ್ಲಾನೂ ತೋರಿಸಿಬಿಡೋಣ ಅಂತ. ಸಂಜೆ ವಾಪಸ್ ಬಂದ್ರೆ ನೀವು ಹೋಗೋಕೆ ಒಪ್ಪಿದ್ರಿ. ಅದೇ ಉತ್ತರ ಅಂದ್ಕೊಂಡೆ."

ನನಗೆ ಸಿಟ್ಟು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು. ಒಂದೊಂದೇ ಸಾಲು ಹುಡುಕಿ ರೂಢಿಯಾಗಿದ್ದ ಕಣ್ಣಿಗೆ ಅಷ್ಟು ದೊಡ್ಡದು ಕಂಡೇ ಇರಲಿಲ್ಲ.

ಅಷ್ಟರಲ್ಲಿ ಅಕ್ಕನ ಫೋನ್. "ಎಷ್ಟೊತ್ತಿಗೆ ಬರ್ತೀಯೇ?"

"ಊಟಕ್ಕೆ ಕಾಯ್ಬೇಡ ಅಕ್ಕಾ."

"ಯಾಕೆ, ಯಾರಾದ್ರೂ ಸಿಕ್ಕರಾ?"

"ಹೂಂ," ಎಂದೆ.

ಕುರ್ಚಿ ಎಳೆದುಕೊಂಡು ಅವನೆದುರು ಕೂತೆ. "ಈಗ ಹೇಳಿ. ಒಂದನ್ನೂ ಮುಚ್ಚಬೇಡಿ."

"ತುಂಬಾ ಇದೆ," ಎಂದ ಚುಟುಕು.

ನಾನು ಕಿರುಚಿದ ಆ ಬೆಳಿಗ್ಗೆಯಿಂದಲೇ ಶುರುಮಾಡಿದ. ಕಪ್ಪುಗಳನ್ನು ತೊಳೆಯಲು ಒಯ್ದರು, ಹಳಬರು ಒಬ್ಬೊಬ್ಬರಾಗಿ ಹೊರಟರು. ಅವನು ಹೇಳುತ್ತಲೇ ಇದ್ದ. ಪುರಾಣ ಎಂದು ಹೆಸರು ಪಡೆದ ನಾನು ಒಮ್ಮೆಯೂ ಮಧ್ಯೆ ಬಾಯಿ ಹಾಕಲಿಲ್ಲ.