ಕಂಚಿನ ಅಪ್ಪುಗೆ

ಸೋಮವಾರ ಬೆಳಗ್ಗೆ ಎಂಟಕ್ಕೆ ಸಸ್ಯೋದ್ಯಾನದ ನಿರ್ದೇಶಕರು ಠಾಣೆಗೆ ಬಂದು ದೂರು ಕೊಟ್ಟರು. ಉದ್ಯಾನದಲ್ಲಿ ಜೀವಂತ ಮರವೊಂದನ್ನು ಅಪ್ಪಿಕೊಂಡು ನಿಂತ ಹೆಂಗಸಿನ ಕಂಚಿನ ಶಿಲ್ಪವಿತ್ತು. ಅದರ ಎರಡೂ ಕೈಗಳನ್ನು ಯಾರೋ ಕೊಯ್ದು ಒಯ್ದಿದ್ದರು. ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಸ್ಥಳಕ್ಕೆ ಹೋದರು.

"ಗುಜರಿ ಕಳ್ಳರ ಕೆಲಸ ಸಾರ್," ಎಂದ ಕಾನ್‌ಸ್ಟೇಬಲ್.

"ಹಾಗಾದ್ರೆ ತಲೆ ಯಾಕೆ ಬಿಟ್ಟ? ನಿನ್ನ ಹಾಗೆ ಅವನಿಗೂ ತಲೆ ಬೇಡವಾಗಿತ್ತಾ?"

ಪಂಚನಾಮೆ ನಡೆಯಿತು. ಕೈಗಳಿದ್ದ ಕಡೆ ಕಾಂಡದ ಸುತ್ತ ಆಳವಾದ ಗಾಯ. ಅದಕ್ಕೆ ಬೂದು ಜೇಡಿಮಣ್ಣು ಮೆತ್ತಿದ್ದರು.

"ಕೊಯ್ದವನೇ ಮುಲಾಮು ಹಚ್ಚಿದ್ದಾನಲ್ಲ ಸಾರ್!"

ಉದ್ಯಾನದ್ದು ಕೆಂಪು ಮಣ್ಣು. ಇದು ಸೋಸಿ ಹದ ಮಾಡಿದ ಮಣ್ಣು. ಅಂಚನ್ನು ಹೆಬ್ಬೆರಳಿನಿಂದ ತೀಡಿ, ಮೇಲೆ ತೊಗಟೆಯ ಗೀರುಗಳನ್ನೂ ಮೂಡಿಸಿದ್ದರು. ಕದಿಯಲು ಬಂದವನಿಗೆ ಇಷ್ಟು ಅಂದ ಯಾಕೆ?

"ಈ ಶಿಲ್ಪ ಮಾಡಿದವರು ಎಲ್ಲಿರ್ತಾರೆ?" ಎಂದು ಇನ್‌ಸ್ಪೆಕ್ಟರ್ ನಿರ್ದೇಶಕರನ್ನು ಕೇಳಿದರು. ಆಮೇಲೆ ಮಾಲಿಯ ಕಡೆ ತಿರುಗಿದರು. "ಮರ ಉಳಿಯುತ್ತೇನಪ್ಪಾ?"

ಮಾಲಿ ಒಣಗಿದ ಕೊಂಬೆಗಳನ್ನು ತೋರಿಸಿ ಇಲ್ಲವೆಂದು ತಲೆಯಾಡಿಸಿದ. "ಆ ಕೈಗಳನ್ನ ಹೋದ ವರ್ಷವೇ ಬಿಡಿಸಿದ್ರೆ ಉಳೀತಿತ್ತು."

ಮಧ್ಯಾಹ್ನ ಕಾರ್ಯಾಗಾರದ ಬಾಗಿಲು ತೆರೆದ ಶಿಲ್ಪಿಗೆ ಐವತ್ತರ ಆಸುಪಾಸು. ಮೇಜಿನ ಮೇಲೆ ಗರಗಸ, ಕೆಳಗೆ ಬೂದು ಮಣ್ಣಿನ ಬಕೆಟ್. ಮೂಲೆಯ ಮಂಚದಲ್ಲಿ, ಹೊದಿಕೆಯಡಿ, ಎರಡು ಕಂಚಿನ ಕೈ.

"ನಿಮ್ಮ ಕೆಲಸ ನೀವೇ ಯಾಕಮ್ಮ ಹಾಳು ಮಾಡಿದ್ರಿ?"

"ಮರಕ್ಕೆ ಉಸಿರು ಕಟ್ಟಿತ್ತು ಸಾರ್."

"ಮರ ದಪ್ಪ ಆಗುತ್ತೆ ಅಂತ ಸಣ್ಣ ಮಕ್ಕಳಿಗೂ ಗೊತ್ತಲ್ರೀ!" ಇನ್‌ಸ್ಪೆಕ್ಟರಿಗೆ ಸಿಟ್ಟು ನೆತ್ತಿಗೇರಿತ್ತು.

"ಗೊತ್ತಿತ್ತು. ಆದ್ರೆ ಜಾಗ ಬಿಟ್ಟಿದ್ರೆ ಅಪ್ಪಿಕೊಂಡ ಹಾಗೆ ಕಾಣ್ತಿರ್ಲಿಲ್ಲ."

"ಅನುಮತಿ ಕೇಳ್ಬೇಕಿತ್ತು."

"ಹೋದ ವರ್ಷ ಕೇಳ್ದೆ. ಉದ್ಯಾನದ ಆಸ್ತಿ, ಮುಟ್ಟಬೇಡಿ ಅಂದ್ರು." ಆಕೆ ಮಂಚದತ್ತ ನೋಡಿದಳು. "ಒಳಗೊಳಗೇ ಸಮಾಧಾನ ಆಯ್ತು ಸಾರ್. ಅವು ನಮ್ಮಮ್ಮನ ಕೈ. ಅವಳೇ ಮರ ಅಪ್ಪಿಕೊಂಡು ನಿಂತು ಅಚ್ಚು ಕೊಟ್ಟಿದ್ಲು. ಈಗ ಅವಳಿಲ್ಲ. ಕೊಯ್ಯೋದು ತಪ್ತಲ್ಲ ಅಂತ ಸುಮ್ನಾಗ್ಬಿಟ್ಟೆ."

ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೇಬಲ್ ಬಂಧನದ ಕಾಗದಕ್ಕೆ ಸಹಿ ಹಾಕಿಸಿದಳು. ಜಪ್ತಿ ಮಾಡಿದ ಕೈಗಳನ್ನು ಕಾನ್‌ಸ್ಟೇಬಲ್ ಜೀಪಿಗೆ ಎಸೆಯಲು ಹೋದ.

"ಮೆಲ್ಲಗಿಡೋ!" ಇನ್‌ಸ್ಪೆಕ್ಟರ್ ಗದರಿದರು.

ದಾರಿಯಲ್ಲಿ ಶಿಲ್ಪಿ ಕೇಳಿದ್ದು ಒಂದೇ ಮಾತು. "ಮರ ಉಳಿಯುತ್ತಾ ಸಾರ್?"

ಇನ್‌ಸ್ಪೆಕ್ಟರ್ ರಸ್ತೆ ನೋಡುತ್ತ ಕುಳಿತರು.

ಸಂಜೆ ವರದಿಯಲ್ಲಿ ಕೃತ್ಯಕ್ಕೆ ಕಾರಣ ಬರೆಯಬೇಕಿತ್ತು. "ಮರವನ್ನು ಉಳಿಸಲು" ಎಂದು ಬರೆದರು. ಪೆನ್ನು ಮುಚ್ಚಿದವರು ಮತ್ತೆ ತೆರೆದು ಸೇರಿಸಿದರು: "ತಡವಾಗಿತ್ತು."