ಕಬ್ಬಿಣದ ಕಣ

“ಆ ಸ್ಟೀಲ್ ಚಿಮಟ ಕೆಳಗಿಡ್ರಿ! ಮೊದ್ಲ ಕೆಳಗಿಡ್ರಿ!”

ಆ ದನಿ ಕೇಳಿ ಯಶೋಧರಾ ತಟ್ಟನೆ ತಿರುಗಿ ನೋಡಿದಳು.

ಬಿ.ಎಸ್ಸಿ. ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಅವಳು ಸಿಂಧನೂರಿನಿಂದ ಲಿಂಗಸುಗೂರಿನ ಈ ಕಾಲೇಜಿಗೆ ಬಂದಿದ್ದಳು. ವಿದ್ಯಾರ್ಥಿನಿಯೊಬ್ಬಳ ಕೈಯಿಂದ ಚಿಮಟ ಕಸಿದುಕೊಂಡು, ತನ್ನ ಜೇಬಿನ ಪ್ಲಾಸ್ಟಿಕ್ ಚಿಮಟ ಕೊಡುತ್ತಿದ್ದವನು... ಭೀಮೇಶ!

“ನಮಸ್ಕಾರ ಮೇಡಂ. ಇಲ್ಲಿ ಗೆಸ್ಟ್ ಲೆಕ್ಚರರ್ ಅದೀನಿ.”

‘ಮೇಡಂ ಅಂತೆ! ಈ ಮುಖ ಮತ್ತೆ ಯಾಕೆ ಕಾಣಿಸಿತು?’

ವಿಶ್ವವಿದ್ಯಾಲಯದಲ್ಲಿ ಇಬ್ಬರೂ ಒಂದೇ ಲ್ಯಾಬಿನವರು. ಕೂದಲೆಳೆಗಿಂತ ಸಾವಿರಾರು ಪಟ್ಟು ತೆಳುವಾದ ಎರಡು ಕಾಂತದ ಪದರ, ನಡುವೆ ತಾಮ್ರದ್ದೊಂದು. ಆ ತಾಮ್ರವನ್ನು ದಾಟಿ ಅವೆರಡೂ ಒಂದನ್ನೊಂದು ಹೇಗೆ ಸೆಳೆಯುತ್ತವೆಂದು ಅಳೆಯುವುದೇ ಅವರ ಸಂಶೋಧನೆ. ಅಳೆಯುತ್ತ ಅಳೆಯುತ್ತ ಮನಸ್ಸುಗಳೂ ಸೇರಿದವು ಎಂದು ಬೇರೆ ಹೇಳಬೇಕೆ! ಯಾರೂ ಕಾಣದ ಫಲಿತಾಂಶ ಸಿಕ್ಕಿ, ಇಬ್ಬರ ಹೆಸರಲ್ಲೂ ಪ್ರಬಂಧ ಅಚ್ಚಾಯಿತು.

ಒಂದು ದಿನ ಭೀಮೇಶ ಅವಳಿಗೆ ಹೇಳದೆ ಕೇಳದೆ, ಪ್ರಬಂಧ ಅಚ್ಚು ಹಾಕಿದ ಪತ್ರಿಕೆಗೆ ಬರೆದುಬಿಟ್ಟ. ‘ಪದರದ ಮಾದರಿ ಕತ್ತರಿಸುವಾಗ ಸ್ಟೀಲ್ ಚಿಮಟದಿಂದ ಕಬ್ಬಿಣದ ಕಣ ಅಂಟಿದೆ. ಅಳತೆ ಸುಳ್ಳು. ತಪ್ಪು ಪೂರ್ತಿ ನನ್ನದು.’

ಪತ್ರಿಕೆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಅವನ ಪಿಎಚ್.ಡಿ. ಅಲ್ಲಿಗೇ ನಿಂತಿತು. ಅವಳ ಫೋನ್ ಎತ್ತಲಿಲ್ಲ, ಮುಕ್ಕುಂದದ ಅವನ ಮನೆಗೆ ಅವಳು ಹೋದರೂ ಮುಖ ತೋರಿಸಲಿಲ್ಲ. ಅವಳು ಹೊಸದಾಗಿ ಮಾದರಿ ಮಾಡಿ, ಅವನನ್ನು ಶಪಿಸುತ್ತಲೇ ಡಾಕ್ಟರೇಟ್ ಪಡೆದಳು.

ವಿದ್ಯಾರ್ಥಿಗಳು ಹೊರಹೋದದ್ದೇ ತಡ, ಸಿಡಿದಳು.

“ಸ್ಟೀಲ್ ಮುಟ್ಟಬ್ಯಾಡ್ರಿ ಅಂತ ನೀ ಹೇಳಾಕತ್ತೀಯೇನು? ನಮ್ಮ ಕೆಲಸ ಹಾಳು ಮಾಡಿ ಓಡಿಹೋದಾಂವ!”

ಅವನು ಪ್ಲಾಸ್ಟಿಕ್ ಚಿಮಟ ಒರೆಸಿ ಜೇಬಿಗಿಟ್ಟುಕೊಂಡ.

ಆಗಲೂ ಹೀಗೇ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಲ್ಯಾಬಿನವರೆಲ್ಲ ನಗುತ್ತಿದ್ದರು. ಇವನು ಸ್ಟೀಲ್ ಮುಟ್ಟುವವನೇ ಅಲ್ಲ... ಹಾಗಾದರೆ ಮುಟ್ಟಿದವರು?

ಮಾದರಿಗಳನ್ನು ಇಬ್ಬರೂ ಸರದಿಯಲ್ಲಿ ಕತ್ತರಿಸುತ್ತಿದ್ದರು; ಈಗ ಅವಳಿಗೆ ನೆನಪಾಯಿತು. ತನ್ನ ಪ್ಲಾಸ್ಟಿಕ್ ಚಿಮಟದ ತುದಿ ಮುರಿದ ದಿನ, ಅವಸರಕ್ಕೆ ಡ್ರಾಯರಿನಲ್ಲಿ ಸಿಕ್ಕ ಸ್ಟೀಲಿನದನ್ನೇ ಎತ್ತಿಕೊಂಡಿದ್ದಳು.

“ಭೀಮೇಶ... ಆ ಮಾದರಿ ಕತ್ತರಿಸಿದಾಕಿ ನಾನು!”

“ಹೂಂ.”

“ಮತ್ತ ನನಗ್ಯಾಕ ಹೇಳಲಿಲ್ಲ?”

“ಮಗಳು ಡಾಕ್ಟರ್ ಆಕ್ಕಾಳಂತ ನಿಮ್ಮಪ್ಪ ನರಸಣ್ಣ ಕಾಕಾ ತುರ್ವಿಹಾಳ ಊರ ತುಂಬ ಹೇಳಿಕೊಂಡು ತಿರಗ್ಯಾಡಿದ್ದ. ನಮ್ಮ ಮಂದಿ ಹುಡುಗಿ ತಪ್ಪು ಮಾಡಿದ್ರ ಆಕಿ ಒಬ್ಬಾಕಿಗೇ ಅನ್ನಂಗಿಲ್ಲ ಯಶೂ. ಇವರಿಗೆಲ್ಲಿಂದ ಬರ್ತೈತಿ ವಿದ್ಯಾ ಅಂತಾರ.”

“ನಿನಗ ಅನ್ಲಿಲ್ಲೇನು?”

“ಅಂದ್ರು.”

ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

“ಯಾರು ಕೇಳಿದ್ರು ನಿನ್ನ ತ್ಯಾಗ? ನನ್ನ ತಪ್ಪು ಹೊರೋ ತಾಕತ್ತು ನನಗಿಲ್ಲ ಅಂದ್ಕೊಂಡ್ಯಾ? ಮೂರು ವರ್ಷ ನನ್ನ ಬಾಯಿಲೆ ನಿನಗ ಶಾಪ ಹಾಕಿಸಿದೆಲ್ಲೋ!”

“ತಪ್ಪಾತು. ಇದು ಮಾತ್ರ ಖರೇನ ನನ್ನ ತಪ್ಪು.”

ಅವಳು ಫೋನ್ ತೆಗೆದು ಪತ್ರಿಕೆಯ ಸಂಪಾದಕರಿಗೆ ಬರೆಯತೊಡಗಿದಳು. ‘ಆ ದಿನ ಚಿಮಟ ಹಿಡಿದವಳು ನಾನು. ಭೀಮೇಶ ನಿರಪರಾಧಿ...’ ಗೈಡ್‌ಗೂ ತನ್ನ ಪ್ರಿನ್ಸಿಪಾಲರಿಗೂ ಅದರ ಪ್ರತಿ ಸೇರಿಸಿದಳು.

“ಬ್ಯಾಡ ಯಶೂ! ನಿನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ!”

ಆಗಲೇ ಕಳಿಸಿಯಾಗಿತ್ತು. ಇಬ್ಬರೂ ಬೆಂಚಿನ ಮೇಲೆ ಕುಳಿತರು. ಅವನು ಕೇಳಿದ.

“ನನ್ನ ಮ್ಯಾಲೆ ಇನ್ನೂ ಸಿಟ್ಟೈತೇನು?”

“ಐತಿ. ಸಾಯೋತನಕ ಇರ್ತೈತಿ.”

“ಅಲ್ಲೀತನಕ ನನ್ನ ಸಂಗಾಟ ಇರ್ತಿ ಹಂಗಾರ?”

ಅವಳು ನೋಯುವಷ್ಟು ಬಿಗಿಯಾಗಿ ಅವನ ಕೈ ಹಿಡಿದಳು. ಈಗ ಅಳು ಬಂತು.

“ಇರ್ತೀನಿ. ಆದ್ರ ಇನ್ನೊಮ್ಮಿ ನನ್ನ ಕೇಳಲಾರದ ನನಗ ಒಳ್ಳೇದು ಮಾಡಬ್ಯಾಡೋ, ಭೀಮ್ಯಾ...”