ಕಿಂಡಿ ಮುಚ್ಚಿದ್ದ ಇಪ್ಪತ್ತೊಂದು ನಿಮಿಷ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಗ್ಗೆ 9:40. ಇನ್ಸ್‌ಪೆಕ್ಟರರ ಮೇಜಿನ ಮೇಲೆ ಒಂದು ಕಾಗದ ಬಂದು ಬಿತ್ತು. ಎಸೆದವನು ಕನ್ನಡಕದ ಅಂಗಡಿಯವನು.

"ಇದನ್ನ ನಂಬಿ ನಮ್ಮಮ್ಮನ್ನ ಅವಳ ಕೈಗೆ ಕೊಟ್ಟೆ ಸಾರ್!"

ಅವನ ಎಂಬತ್ತರ ತಾಯಿಯನ್ನು ನೋಡಿಕೊಳ್ಳಲು ಬಂದ ಆರೈಕೆಯವಳು ಹಾಲಿಗೆ ನಿದ್ದೆ ಮಾತ್ರೆ ಬೆರೆಸಿ, ಎರಡು ಬಳೆ ಕಳಚಿಕೊಂಡು ಓಡಿದ್ದಳು. ಬಸ್ ನಿಲ್ದಾಣದಲ್ಲಿ ಬಳೆ ಸಮೇತ ಸಿಕ್ಕಿಬಿದ್ದು ಈಗ ಲಾಕಪ್ಪಿನಲ್ಲಿದ್ದಳು. ಆಸ್ಪತ್ರೆ ಸೇರಿದ್ದ ಮುದುಕಿಗೆ ಮಾತ್ರ ಮೂರು ದಿನವಾದರೂ ಎಚ್ಚರವಿಲ್ಲ.

ಆ ಕಾಗದ, ಕೆಲಸಕ್ಕೆ ಸೇರುವವರ ಹಿನ್ನೆಲೆ ಪರಿಶೀಲನೆ ಮಾಡುವ ಆಫೀಸಿನದು. ಫೆಬ್ರವರಿ ಆರರ ತಾರೀಕು. 'ಇಂಟರ್ನೆಟ್ಟಿನಲ್ಲಿ ಹುಡುಕಲಾಗಿದೆ. ಆಕ್ಷೇಪಾರ್ಹ ಮಾಹಿತಿ ಇಲ್ಲ.'

ಹೊತ್ತು ಬರೆಯದೆ ಹೆಜ್ಜೆ ಇಡದ ಹೆಡ್ ಕಾನ್ಸ್‌ಟೇಬಲ್‌ಗೆ ಠಾಣೆಯಲ್ಲಿ 'ಗಡಿಯಾರ' ಎಂದೇ ಹೆಸರು. ಅವನು ಮೊಬೈಲಿನಲ್ಲಿ ಅವಳ ಹೆಸರು ಒತ್ತಿದ. ಎರಡು ಹಳೇ ಸುದ್ದಿ ಬಂದವು. ಅದೇ ಹಾಲು, ಅದೇ ಮಾತ್ರೆ.

ಇನ್ಸ್‌ಪೆಕ್ಟರ್‌ಗೆ ಪಿತ್ತ ನೆತ್ತಿಗೇರಿತು. "ನಿನ್ನ ಒಡಕಲು ಮೊಬೈಲಿಗೆ ಸಿಕ್ಕಿದ್ದು ಅವರ ಕಂಪ್ಯೂಟರಿಗೆ ಸಿಗಲಿಲ್ವಾ? ದುಡ್ಡು ತಿಂದಿದ್ದಾರೆ. ಬರಿ ಎಫ್‌ಐಆರ್."

ಲಾಕಪ್ಪಿನಲ್ಲಿದ್ದವಳನ್ನು ಕರೆಸಿದರು. "ಆ ಆಫೀಸಲ್ಲಿ ನಿನಗೆ ಯಾರು ಗೊತ್ತು?"

"ಅದರ ಮೆಟ್ಟಿಲೂ ನೋಡಿಲ್ಲ ಸಾರ್. ಕಾಗದ ಅಷ್ಟು ಚೆನ್ನಾಗಿ ಬಂದಾಗ ನನಗೇ ಆಶ್ಚರ್ಯ ಆಯ್ತು."

ಫೋನ್ ದಾಖಲೆ ಬುಧವಾರ ಬಂತು. ಅವಳಿಗೂ ಆಫೀಸಿನವರಿಗೂ ಒಂದೂ ಕರೆಯಿಲ್ಲ. ಹಾಗಾದರೆ ಇವಳನ್ನು ಕಾಪಾಡಿದವರು ಯಾರು? ಇನ್ಸ್‌ಪೆಕ್ಟರ್‌ಗೆ ಅನುಮಾನ ಕಡಿಮೆಯಾಗುವ ಬದಲು ಹೆಚ್ಚಾಯಿತು.

ಗುರುವಾರ 11:15. ಮೆಟ್ಟಿಲ ಮೇಲಿನ ಎರಡು ಕೋಣೆಯ ಆಫೀಸು. ಬೆವರುತ್ತಿದ್ದ ಮಾಲೀಕ, ತಲೆ ಎತ್ತದೆ ಟೈಪ್ ಮಾಡುತ್ತಿದ್ದ ಆಪರೇಟರ್ ಹೆಂಗಸು, ಯಂತ್ರ ನೋಡಿಕೊಳ್ಳುವ ಟೆಕ್ನಿಷಿಯನ್. ಇಬ್ಬರು ಪಂಚರ ಮುಂದೆ ಟೆಕ್ನಿಷಿಯನ್ ಫೆಬ್ರವರಿ ಆರರ ಲಾಗ್, ಅಂದರೆ ಯಂತ್ರ ತಾನೇ ಬರೆದಿಟ್ಟ ದಾಖಲೆ, ತೆರೆದ.

"ನಾವೇ ಹುಡುಕಲ್ಲ ಸಾರ್. ಎಪಿಐ ಅಂತ ಒಂದು ಕಿಂಡಿ ಇದೆ. ಅದರಲ್ಲಿ ಸರ್ಚ್ ಕಂಪನೀನ ಕೇಳ್ತೀವಿ, ಅವರು ಉತ್ತರ ಕೊಡ್ತಾರೆ. ಒಂದೇ ಸಮ ಕೇಳ್ತಾ ಇದ್ರೆ ಕಿಂಡಿ ಮುಚ್ಚಿಬಿಡ್ತಾರೆ. ಅವತ್ತು 11:04ಕ್ಕೆ ಒಂದೇ ಹೆಸರನ್ನ ಮುನ್ನೂರು ಸಲ ಕೇಳಿದ್ದಾರೆ. ಆಮೇಲೆ ಬಂದಿದ್ದೆಲ್ಲ ನಿರಾಕರಣೆ."

"ನಿರಾಕರಿಸಿದ್ರೆ?"

"ಕಾದು ಮತ್ತೆ ಕೇಳಬೇಕು. ಉತ್ತರ ಬರೋವರೆಗೂ ಕಾಗದ ಪ್ರಿಂಟ್ ಆಗಬಾರದು. ಆ ಸೆಟ್ಟಿಂಗನ್ನ ಯಾರೋ ಆಫ್ ಮಾಡಿದ್ದಾರೆ. 11:25ಕ್ಕೆ ವಾಪಸ್ ಹಾಕಿದ್ದಾರೆ. ನಡುವೆ ನಿರಾಕರಣೆಯೆಲ್ಲ 'ಮಾಹಿತಿ ಇಲ್ಲ' ಅಂತ ಪ್ರಿಂಟ್ ಆಗಿದೆ."

"ಅಂದ್ರೆ ಗೇಟಲ್ಲೇ ಕಾವಲುಗಾರ 'ಆಮೇಲೆ ಬಾ' ಅಂದ. ನೀವು ಬಂದು 'ಮನೇಲಿ ಯಾರೂ ಇಲ್ಲ' ಅಂತ ಬರೆದ್ರಿ! ಯಾವನಯ್ಯಾ ಅವನು?"

ಟೆಕ್ನಿಷಿಯನ್ ಮಾಲೀಕನ ಕಡೆ ನೋಡಿದ. ಮಾಲೀಕ ಗೋಡೆ ನೋಡಿದ. "ಆ ಸೆಟ್ಟಿಂಗಿನ ಪಾಸ್‌ವರ್ಡ್ ನಮ್ಮ ಮೂವರಿಗೂ ಗೊತ್ತು ಸಾರ್."

ಆ ಇಪ್ಪತ್ತೊಂದು ನಿಮಿಷದಲ್ಲಿ ಹೊರಬಿದ್ದದ್ದು ಆರು ಕಾಗದ. ಆರು ಹೆಸರು, ಆರು ವಿಳಾಸ. ಆರೈಕೆಯವಳದು ನಾಲ್ಕನೆಯದು. ಮುನ್ನೂರು ಸಲ ಕೇಳಿದ್ದು ಮೊದಲನೆಯದು. ಇನ್ಸ್‌ಪೆಕ್ಟರ್ ಸಿಬ್ಬಂದಿಯ ಹಾಜರಿ ಪುಸ್ತಕ ತರಿಸಿ ವಿಳಾಸಗಳ ಪಕ್ಕ ಇಟ್ಟರು. ಮೊದಲನೆಯ ವಿಳಾಸವೂ ಆಪರೇಟರ್ ಮನೆಯ ವಿಳಾಸವೂ ಒಂದೇ.

ಟೈಪಿಂಗ್ ಸದ್ದು ನಿಂತಿತು.

"ಯಾರಮ್ಮ ಇವನು?"

"ತಮ್ಮ."

12:50ಕ್ಕೆ ಪಂಚನಾಮೆ ಮುಗಿಯಿತು. ಅವಳ ಮೊಬೈಲ್ ಲಕೋಟೆಗೆ ಸೇರಿತು. ಬಂಧನದ ಹೊತ್ತನ್ನು ಗಡಿಯಾರ ಬರೆದುಕೊಂಡ. ಜೀಪಿನಲ್ಲಿ ಅವಳು ಯಾರೂ ಕೇಳದೆ ಮಾತಾಡಿದಳು.

"ಹತ್ತೊಂಬತ್ತನೇ ವಯಸ್ಸಲ್ಲಿ ಒಂದು ಬೈಕ್ ಕದ್ದ. ಮೂರು ತಿಂಗಳು ಒಳಗಿದ್ದು ಬಂದ. ಹನ್ನೆರಡು ವರ್ಷ ಆಯ್ತು ಸಾರ್, ಆ ಸುದ್ದಿಗೆ ಮಾತ್ರ ವಯಸ್ಸೇ ಆಗಲ್ಲ. ಎಂಟು ಕಡೆ ಕೆಲಸ ತಪ್ಪಿತು. ಆ ಸುದ್ದಿ ಹೊತ್ತ ಎಂಟು ಕಾಗದಾನೂ ನಾನೇ, ಈ ಕೈಯಿಂದಲೇ ಕಳಿಸಿದ್ದು. ಅದಕ್ಕೇ ಈ ಸಲ ಅವನ ಹೆಸರನ್ನೇ ಮುನ್ನೂರು ಸಲ ಕೇಳಿ ಕಿಂಡಿ ಮುಚ್ಚಿಸಿದೆ."

"ಉಳಿದ ಐದು ಜನ?"

"ಅವನ ಹಿಂದೆ ಸರದೀಲಿದ್ರು. ನಾನು ಅವರ ಹೆಸರು ಓದಲಿಲ್ಲ."

"ಓದಲಿಲ್ಲ!" ಇನ್ಸ್‌ಪೆಕ್ಟರ್ ಗುಡುಗಿದರು. "ನಿನ್ನ ತಮ್ಮನಿಗೆ ಬಾಗಿಲು ತೆಗೆಯೋಕೆ ಊರಿಗೇ ಕಳ್ಳರನ್ನ ಬಿಟ್ಟೆಯಲ್ಲಮ್ಮ!" ಪತ್ತೆಯಾಗದೆ ಉಳಿದ ನಾಲ್ವರ ವಿಳಾಸಕ್ಕೆ ಆ ಕ್ಷಣವೇ ನಾಲ್ವರು ಕಾನ್ಸ್‌ಟೇಬಲ್‌ಗಳನ್ನು ಓಡಿಸಿದರು. ತಮ್ಮನ ಕೆಲಸದ ಜಾಗ ಅವಳೇ ಹೇಳಿದಳು. ಆಸ್ಪತ್ರೆ.

4:50ಕ್ಕೆ ಅಲ್ಲಿಂದಲೇ ಫೋನ್ ಬಂತು. ಮುದುಕಿಗೆ ಎಚ್ಚರವಾಗಿದೆ.

ವಾರ್ಡಿನಲ್ಲಿ ಒಬ್ಬ ಅಟೆಂಡರ್ ಮುದುಕಿಯ ಬೆನ್ನಿಗೆ ತೋಳು ಕೊಟ್ಟು ಚಮಚದಲ್ಲಿ ನೀರು ಕುಡಿಸುತ್ತಿದ್ದ. ಬಳೆಯಿಲ್ಲದ ಕೈ ಅವನ ಅಂಗಿ ಹಿಡಿದುಕೊಂಡಿತ್ತು.

"ಮಾತ್ರೆ ಹಾಕಿಲ್ಲ ತಾನೇ?" ಮುದುಕಿ ತೊದಲಿದಳು.

"ಇಲ್ಲ ಅಜ್ಜಿ. ನೋಡಿ, ಮೊದಲು ನಾನು ಕುಡೀತೀನಿ." ಅವನು ಒಂದು ಗುಟುಕು ಕುಡಿದು ತೋರಿಸಿದ.

ಇನ್ಸ್‌ಪೆಕ್ಟರ್ ಅವನ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿದರು. ಬೆಳಗ್ಗೆ ಓದಿದ ಪಟ್ಟಿಯ ಮೊದಲನೇ ಹೆಸರು.

ಖಾಕಿ ಕಂಡು ಅವನು ಎದ್ದ. "ಸಾರ್, ನಮ್ಮಕ್ಕನ ಆಫೀಸಿಗೆ ಹೋಗಿದ್ರಂತೆ. ಮಧ್ಯಾಹ್ನದಿಂದ ಅವಳ ಫೋನ್ ಸ್ವಿಚ್ ಆಫ್. ಏನಾದ್ರೂ ಗೊತ್ತಾ?"

ಆ ಫೋನಿದ್ದ ಲಕೋಟೆ ಗಡಿಯಾರನ ಚೀಲದಲ್ಲೇ ಇತ್ತು. ಅವನನ್ನು ಬೈಯುವುದಕ್ಕೆಂದೇ ಇನ್ಸ್‌ಪೆಕ್ಟರ್ ಮೆಟ್ಟಿಲುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದರು. ಈಗ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು.

"ಮೊದಲು ನೀರು ಕುಡಿಸಿ ಮುಗಿಸಪ್ಪ. ಹೊರಗೆ ಕೂತಿರ್ತೀನಿ."

ಗಡಿಯಾರ ಹೊತ್ತು ಬರೆಯಲು ಪುಸ್ತಕ ತೆಗೆದ. ಇನ್ಸ್‌ಪೆಕ್ಟರ್ ಅವನ ಕಡೆ ಒಂದು ಸಲ ನೋಡಿದರು. ಅವನು ಪುಸ್ತಕವನ್ನು ಜೇಬಿಗೆ ವಾಪಸ್ ಇಟ್ಟುಕೊಂಡ.